ಕೊನೆಯ ಬೆಂಚಿನಾಕೆ

ಆ ಹೆಂಗಸು ಅಂದೂ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಮೇಷ್ಟ್ರು ಹಾಜರಿ ಕರೆಯುತ್ತಲೇ ಓರೆಗಣ್ಣಿನಿಂದ ನೋಡಿದರು. ಐವತ್ತು ದಾಟಿದ ವಯಸ್ಸು. ಆರು ವಾರದಿಂದ ಒಂದು ಪಾಠ ತಪ್ಪಿಸಿಲ್ಲ, ಒಂದಕ್ಷರ ಬರೆದುಕೊಂಡಿಲ್ಲ.

ವಿಶ್ವವಿದ್ಯಾಲಯದ ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಅವರದು ಇಪ್ಪತ್ತೆಂಟು ವರ್ಷದ ಸರ್ವಿಸು. ಸಂಶೋಧನೆ ಮಾಡದವರನ್ನು ಮೂಲೆಗೆ ತಳ್ಳುತ್ತಾರೆಂದು ಸುದ್ದಿ ಹಬ್ಬಿದ ವಾರವೇ ಈಕೆ ಪ್ರತ್ಯಕ್ಷಳಾಗಿದ್ದಳು. ಕೇಳಿದ್ದಕ್ಕೆ ವಿಭಾಗದ ಮುಖ್ಯಸ್ಥರು ಕಂಪ್ಯೂಟರಿನಿಂದ ತಲೆಯೆತ್ತದೆ, "ಅನುಮತಿ ತಗೊಂಡೇ ಬಂದಿದ್ದಾರೆ. ಕೂತ್ಕೊಳ್ಳಲಿ ಬಿಡಿ, ನಿಮಗೇನು ಭಯ?" ಎಂದಿದ್ದರು.

ಮೇಷ್ಟ್ರು ಹೆಗಲು ಮುಟ್ಟಿ ನೋಡಿಕೊಂಡರು. ಆಡಳಿತದವರು ಕಳಿಸಿದ ಗೂಢಚಾರಿಣಿ, ಸಂಶಯವೇ ಇಲ್ಲ.

ಅಂದಿನಿಂದ ಗಂಟೆ ಹೊಡೆಯುವ ಮುಂಚೆಯೇ ತರಗತಿಗೆ ಬರತೊಡಗಿದರು. ಬೋರ್ಡು ತಾವೇ ಒರೆಸಿದರು. ಪ್ರಶ್ನೆ ಕೇಳಿದವರ ಮೇಲೆ ಸಿಡುಕುವುದು ನಿಂತಿತು. ಬದಲಾಗದೆ ಉಳಿದದ್ದು ಅಂಚು ಹರಿದ ಹಳೆಯ ನೋಟ್ಸು ಮಾತ್ರ.

ಹಾಜರಿ ಮುಗಿಯಿತು. ಈ ದಿನದ ಪಾಠ ಬಾಲ್ಕನಿ. ಗೋಡೆಯಿಂದ ಹೊರಚಾಚಿದ ಕಾಂಕ್ರೀಟ್ ಚಪ್ಪಡಿಯ ಚಿತ್ರ ಬಿಡಿಸಿದರು. ನೋಟ್ಸಿನ ಕಡೆ ಕಣ್ಣು ಹಾಯಿಸಿ, ಕಬ್ಬಿಣದ ಸರಳುಗಳನ್ನು ಚಪ್ಪಡಿಯ ತಳದಲ್ಲಿ ಎಳೆದರು, ವರ್ಷವರ್ಷವೂ ಎಳೆದ ಹಾಗೆ. ವಿದ್ಯಾರ್ಥಿಗಳು ತಲೆಬಗ್ಗಿಸಿ ಇಳಿಸಿಕೊಂಡರು.

ಆಕೆ ಮೊದಲ ಸಲ ಒಂದು ಪುಸ್ತಕ ತೆರೆದಳು. ಬೋರ್ಡು ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಬೋರ್ಡು ನೋಡಿದಳು. ಅಂತೂ ಮೆಚ್ಚಿದಳು ಎಂದುಕೊಂಡು ಮೇಷ್ಟ್ರು ಉಸಿರು ಬಿಟ್ಟರು.

ಪಾಠ ಮುಗಿದು ಎಲ್ಲರೂ ಹೋದಮೇಲೆ ಆಕೆ ಬೋರ್ಡಿನ ಹತ್ತಿರ ಬಂದಳು.

"ಸರಳು ಕೆಳಗೇ ಇರಬೇಕಾ ಸಾರ್?"

"ಕೆಳಗೇ ಅಮ್ಮ. ನಿಮ್ಮ ವರದಿಗೆ ಬೇಕಿದ್ರೆ ಇನ್ನೊಂದ್ಸಲ ಬಿಡಿಸಿ ತೋರಿಸ್ತೀನಿ."

"ಯಾವ ವರದಿ?"

ಆಕೆ ಪುಸ್ತಕ ಮುಂದೆ ಹಿಡಿದಳು. ಎಂಟು ವರ್ಷದ ಹಿಂದಿನ ತಾರೀಖು. ಮುದ್ದಾದ ಕೈಬರಹ. ಅದೇ ಚಿತ್ರ.

"ನನ್ನ ಮಗಂದು. ಅವನು ಕಟ್ಟಿಸಿದ ಬಾಲ್ಕನಿ ಕುಸಿದು ಮೂವರು ಹೋದ್ರು. ಸರಳು ಮೇಲಿರಬೇಕಿತ್ತು ಅಂತ ಕೋರ್ಟಲ್ಲಿ ಹೇಳಿದ್ರು."

ಮೇಷ್ಟ್ರು ಬೋರ್ಡಿನತ್ತ ತಿರುಗಿದರು. ಚಪ್ಪಡಿಯ ತಳದಲ್ಲಿ ತಾವೇ ಎಳೆದ ಗೆರೆಗಳ ಮೇಲೆ ಬೆರಳಿಟ್ಟರು.

"ಕ್ಲಾಸಲ್ಲಿ ಹೀಗೇ ಹೇಳಿಕೊಟ್ಟಿದ್ದು ಅಂತ ಸಾಯೋ ದಿನಾನೂ ಹೇಳ್ದ," ಎಂದಳು ಆಕೆ. "'ಮೇಷ್ಟ್ರು ತಪ್ಪು ಹೇಳ್ತಾರಾ, ನೀನೇ ತಪ್ಪು ಬರ್ಕೊಂಡಿದ್ದೀಯ' ಅಂತ ಬೈದು ಕಳಿಸಿದವಳು ನಾನು."