ಚಿಲುಮೆ ಮನೆಯ ಜೊತೆಗಾತಿ

ಆ ಊರಿನಲ್ಲಿ ಯಾರೂ ಒಬ್ಬರೇ ಕೂತು ಗಾಂಜಾ ಸೇದುವಂತಿರಲಿಲ್ಲ. ಪಕ್ಕದಲ್ಲಿ ಕೂತವರ ಮನಸ್ಸೇ ಸೇದಿದವರಿಗೆ ಅಮಲಾಗಿ ಏರುತ್ತಿತ್ತು. ಅದಕ್ಕೇ ಸರ್ಕಾರಿ ಚಿಲುಮೆ ಮನೆಯಲ್ಲಿ ನಗುಮುಖದವರನ್ನು ಹುಡುಕಿ ಜೊತೆಗೆ ಕೂರುವ ನೌಕರಿ ಕೊಟ್ಟಿದ್ದರು. ನಿಂಬೆವ್ವನಿಗೆ ಅಲ್ಲಿ ಹನ್ನೊಂದು ವರ್ಷವಾಗಿತ್ತು. ತಾನು ಸೇದದೆ, ಬಂದವರಿಗೆ ಶೇಂಗಾ ಸುಲಿದುಕೊಡುತ್ತ ಕೂತಿರುವುದೇ ಅವಳ ಕೆಲಸ.

ಗಂಡನನ್ನು ಮಣ್ಣು ಮಾಡಿದ ಐದನೆಯ ದಿನವೇ ಅವಳು ಕೆಲಸಕ್ಕೆ ಬಂದಳು. ಕಣ್ಣಿಂದ ಇನ್ನೂ ಒಂದು ಹನಿ ಉದುರಿರಲಿಲ್ಲ. ಬಾಗಿಲಲ್ಲಿ ಮನಸ್ಸು ಅಳೆಯುವ ಯಂತ್ರದ ಮೇಲೆ ಅಂಗೈ ಇಟ್ಟಳು. ದುಃಖವಿದ್ದರೆ ಕೆಂಪು ದೀಪ ಹತ್ತಿ, ರಜೆ ಸಿಗುತ್ತಿತ್ತು. ಹಸಿರು ಹತ್ತಿತು. ಒಳಗೆ ಹೋಗಿ ಶೇಂಗಾ ಬುಟ್ಟಿ ಮುಂದಿಟ್ಟುಕೊಂಡಳು.

ದಿನಾ ಬಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ ಮುದುಕ ಬಂಡೆಪ್ಪ, ಎರಡು ದಮ್ಮು ಎಳೆದು ಚಿಲುಮೆ ಕೆಳಗಿಟ್ಟ. ಅವನ ಗಡ್ಡ ಒದ್ದೆಯಾಗತೊಡಗಿತು.

"ಯಾಕ್ ಕಾಕಾ, ಏನಾಯ್ತು?" ಎಂದಳು ನಿಂಬೆವ್ವ.

"ಗೊತ್ತಾಗವಲ್ದವ್ವಾ. ನಮ್ಮನ್ಯಾಗ ಯಾರೋ ಸತ್ತಂಗ ಆಗ್ಯದ. ಇವತ್ತಿಗೆ ಸಾಕು, ಏಳ್ತೀನಿ."

ನಿಂಬೆವ್ವ ಅವನ ಕೆನ್ನೆಯ ಮೇಲಿನ ನೀರನ್ನೇ ನೋಡಿದಳು. ಆಮೇಲೆ ಚಿಲುಮೆಯನ್ನೆತ್ತಿ ಮತ್ತೆ ಅವನ ಕೈಗೆ ಕೊಟ್ಟಳು.

"ಇನ್ನೊಂದು ದಮ್ಮು ಎಳೀರಿ ಕಾಕಾ. ನಮ್ಮ ಮನಿಯವ್ರ ಸಲುವಾಗಿ ಇನ್ನಾ ಯಾರೂ ಅತ್ತಿಲ್ಲ."