ಶುದ್ಧಹಸ್ತ

ಛಾಯಾಗ್ರಾಹಕನಿಗೆ ತಾಳ್ಮೆ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ನೀರು ನುಗ್ಗದ ಕ್ಯಾಮೆರಾ ಪೆಟ್ಟಿಗೆ, ಅದರ ಎರಡೂ ಪಕ್ಕಕ್ಕೆ ಏಡಿಯ ಕೊಂಡಿಗಳ ಹಾಗೆ ಚಾಚುವ ಫ್ಲ್ಯಾಶ್‌ಗಳು. ಹೋದ ವರ್ಷ ಒಂದು ಕಡ್ಡಿಯೂ ಇತ್ತು. ಹೆದರಿದರೆ ಚೆಂಡಿನಂತೆ ಉಬ್ಬುವ ಒಂದು ಮೀನನ್ನು ಅದರಿಂದ ತಿವಿದು ತಿವಿದು ಉಬ್ಬಿಸಿ ಚಿತ್ರ ತೆಗೆದ. ಚಿತ್ರ ಗೆದ್ದಿತು. ಆಮೇಲೆ ಚಿತ್ರದ ಮೂಲೆಯಲ್ಲಿ ಕಡ್ಡಿಯ ತುದಿ ಕಾಣಿಸಿತು. ಕಡಲ ಛಾಯಾಗ್ರಾಹಕರ ಸಂಘ ಪ್ರಶಸ್ತಿ ಕಿತ್ತುಕೊಂಡು ಬದಲಿಗೆ ಒಂದು ಹೆಸರು ಕೊಟ್ಟಿತು: ಬಲೂನು.

ಕಡ್ಡಿಯ ತುದಿಯನ್ನು ಮೊದಲು ಕಂಡವನು ಅವನ ಹೆಂಡತಿಯ ಅಣ್ಣ, ಸಂಘದ ಕಾರ್ಯದರ್ಶಿ. ಈ ವರ್ಷ ಬಲೂನು ಮತ್ತೆ ಸ್ಪರ್ಧೆಗೆ ಇಳಿಯಬೇಕಾದರೆ ಸಂಘದ ಸಾಕ್ಷಿಯೊಬ್ಬ ಅವನ ಜೊತೆ ಮುಳುಗಬೇಕಿತ್ತು. ಸಾಕ್ಷಿಯಾಗಿ ಬಂದವನೂ ಭಾವನೇ. ಈ ಸಲ ಸಿಕ್ಕಿಬಿದ್ದರೆ ಆಜೀವ ನಿಷೇಧ.

"ಕೈ ತೋರಿಸು," ಎಂದ ಭಾವ, ದೋಣಿಯಲ್ಲಿ.

"ಏನು ಭಾವ, ಊಟಕ್ಕೆ ಕೂತ ಮಗು ಥರ ನೋಡ್ತೀರಲ್ಲ."

"ತೋಳೂ ತೋರಿಸು. ನಿನ್ನ ನಂಬಿ ನನ್ನ ತಂಗಿ ಕೆಟ್ಟಳು, ಸಾಲದಾ?"

ಬಲೂನು ತೋಳು ಕೊಡವಿದ. ಕಡ್ಡಿ ಇರಲಿಲ್ಲ.

"ನಿಯಮ ಹೇಳು."

"ಜೀವ ಮುಟ್ಟಬಾರದು. ಕಂಡ ಕಸ ಬಿಡಬಾರದು."

"ಎರಡೇ ಮಾತು. ನಾಯಿಗೂ ಅರ್ಥ ಆಗುತ್ತೆ."

"ನಾಯಿಗೆ ಮರ್ಯಾದೆ ಇದೆ ಭಾವ, ಅದು ಸ್ಪರ್ಧೆಗೆ ಬರಲ್ಲ."

ಇಬ್ಬರೂ ಬಾಯಿಗೆ ನಳಿಕೆ ಕಚ್ಚಿಕೊಂಡು ಬೆನ್ನಡಿಯಾಗಿ ನೀರಿಗೆ ಬಿದ್ದರು.

ಆಕ್ಟೋಪಸ್ ಬಂಡೆಯ ಪೊಟರೆಯಲ್ಲೇ ಇತ್ತು. ಬಲೂನು ಅದನ್ನು ಕಂಡ ದಿನದಿಂದಲೂ ಅಲ್ಲೇ ಇತ್ತು. ಬೇರೆಯವು ಬೆಳಕು ಕಂಡರೆ ಪರಾರಿ, ಇದು ಕದಲುತ್ತಿರಲಿಲ್ಲ. ಎದುರಿಗೇ ಏಡಿ ಹಾದುಹೋದರೂ ತಿನ್ನಲು ಕೈ ಚಾಚುತ್ತಿರಲಿಲ್ಲ. ಅದು ನನ್ನನ್ನು ನಂಬಿದೆ ಎಂದು ಬಲೂನು ಮನೆಯಲ್ಲಿ ಹೇಳಿದ್ದ. "ನಿಮ್ಮನ್ನಾ?" ಎಂದಿದ್ದಳು ಹೆಂಡತಿ.

ತೊಂದರೆ ಕೊಡುತ್ತಿದ್ದದ್ದು ಹಿನ್ನೆಲೆ. ಪೊಟರೆಯ ಮೇಲ್ಭಾಗಕ್ಕೆ ಬಿಳಿ ಮಣಿಸರದ ತುಂಡುಗಳು ಸಿಕ್ಕಿಕೊಂಡಿದ್ದವು. ದಡದ ಹೋಟೆಲಿನ ಬಾಗಿಲುಗಳಿಗೆಲ್ಲ ಪ್ಲಾಸ್ಟಿಕ್ ಮಣಿಗಳ ಪರದೆ. ಜೋರು ಗಾಳಿ ಬೀಸಿದರೆ ಹರಿದು ಸೀದಾ ಸಮುದ್ರಕ್ಕೆ. ಸಂಘ ಆ ಹೋಟೆಲಿನ ವಿರುದ್ಧ ಎರಡು ಠರಾವು ಮಾಡಿತ್ತು, ಅದೇ ಹೋಟೆಲಿನಲ್ಲಿ ಊಟ ಮಾಡಿ. ಫ್ಲ್ಯಾಶ್ ಬಿದ್ದೊಡನೆ ಮಣಿಗಳು ಹಲ್ಲು ಕಿರಿದವು. ಕಗ್ಗತ್ತಲಿರಬೇಕಾದ ಕಡೆ ಅಕ್ಕಿ ಚೆಲ್ಲಿದ ಹಾಗೆ. ಬಲೂನು ಫ್ಲ್ಯಾಶ್‌ಗಳನ್ನು ಇನ್ನಷ್ಟು ಅಗಲಿಸಿದ. ಪ್ರಯೋಜನವಾಗಲಿಲ್ಲ.

ಅವನ ಬಲಗೈ ತಾನಾಗಿಯೇ ಮುಂದೆ ಸರಿಯಿತು. ಭಾವನ ಕಣ್ಣು ಆ ಕೈಯ ಮೇಲೇ ಇತ್ತು. ಕೈ ಹಿಂದೆ ಬಂತು.

ಬಲೂನು ಗದ್ದದಿಂದ ಮಣಿಗಳನ್ನು ತೋರಿಸಿದ. ಭಾವ ನೋಡಿದ. ಅವನ ಮುಖ ಬಿಗಿಯಿತು. ಸೊಂಟದ ಬಲೆಚೀಲ ಬಿಚ್ಚಿದ. ಕಸ ಎತ್ತುವುದರಲ್ಲಿ ಸಂಘದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಕ್ಟೋಪಸ್ಸಿನ ಒಂದು ಕೂದಲೂ ಕೊಂಕದ ಹಾಗೆ, ಅದಕ್ಕೆ ಕೂದಲಿದ್ದಿದ್ದರೆ, ಕೈಯನ್ನು ಮೇಲಿನಿಂದ ತೂರಿಸಿ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಚೀಲಕ್ಕೆ ಹಾಕಿದ.

ಆಕ್ಟೋಪಸ್ ಕೆಂಪಾಯಿತು. ಒಂದು ತೋಳು ಚಾಚಿ ಭಾವನ ಮಣಿಕಟ್ಟನ್ನು ಸುತ್ತಿ ಹಿಡಿಯಿತು.

ಭಾವ ಮರಗಟ್ಟಿದ. ಮುಳುಗು ಕನ್ನಡಕದ ಗಾಜಿನ ಹಿಂದೆ ಅವನ ಕಣ್ಣು ತುಂಬಿ ಬಂತು. ಹಿನ್ನೆಲೆ ಈಗ ಕಪ್ಪು. ಬಲೂನು ಗುಂಡಿ ಒತ್ತಿದ.

"ಕೈ ಹಿಡ್ಕೊಳ್ತು ಕಣೋ," ಎಂದ ಭಾವ, ದೋಣಿ ಹತ್ತಿದ ಮೇಲೆ. "ಬಿಡಲೇ ಇಲ್ಲ. ನಾನೇ ಬಿಡಿಸಿಕೊಂಡು ಬರಬೇಕಾಯ್ತು. ಮನುಷ್ಯರಿಗಿಲ್ಲ ಇಷ್ಟು ಉಪಕಾರಸ್ಮರಣೆ."

"ನಾನು ಮುಟ್ಟಿಲ್ಲ ಭಾವ. ಅದೇ ಮುಟ್ಟಿದ್ದು. ಅದೂ ನಿಮ್ಮನ್ನ."

"ನಾನಿದೀನಲ್ಲ ಸಾಕ್ಷಿ."

ಪ್ರಾಣಿ ಮನುಷ್ಯನನ್ನು ಮುಟ್ಟಿದರೆ ನಿಯಮ ಮುರಿಯಿತೇ ಎಂದು ತೀರ್ಪುಗಾರರು ಒಂದು ಸಂಜೆಯೆಲ್ಲ ಚರ್ಚಿಸಿದರು. ಪ್ರೀತಿಗೆ ನಿಯಮವಿಲ್ಲ ಎಂದರು ಅಧ್ಯಕ್ಷರು. ಬಲೂನಿಗೆ ವರ್ಷದ ಶುದ್ಧಹಸ್ತ ಪ್ರಶಸ್ತಿ ಬಂತು.

ಪ್ರದರ್ಶನದಲ್ಲಿ ಚಿತ್ರ ಗೋಡೆಯಷ್ಟು ದೊಡ್ಡದಾಗಿ ನಿಂತಿತು. ಹೆಸರು 'ಕೃತಜ್ಞತೆ'. ಜನ ಕರವಸ್ತ್ರ ತೆಗೆದರು. ಚಿತ್ರದ ಕೆಳಗೆ ಗಾಜಿನ ಜಾಡಿಯಲ್ಲಿ ಭಾವ ಎತ್ತಿದ್ದ ಕಸ. ಎರಡೇ ದಿನಕ್ಕೆ ಅದು ನಾತ ಹೊಡೆದಿತ್ತು. ಸಮುದ್ರದ ಕಸ ಅಂದರೆ ಸುಮ್ಮನೇನಾ ಎಂದು ಭಾವ ಜಾಡಿಗೆ ಸ್ಪಿರಿಟ್ ಸುರಿದಿದ್ದ. ಈಗ ಯಾರೂ ಛಾಯಾಗ್ರಾಹಕನನ್ನು ಬಲೂನು ಎನ್ನುತ್ತಿರಲಿಲ್ಲ. ಸರ್ ಎನ್ನುತ್ತಿದ್ದರು.

"ಸರ್, ಆ ಕಸದ್ದೂ ಒಂದು ಹತ್ತಿರದ ಚಿತ್ರ ಬೇಕಿತ್ತು," ಎಂದಳು ಪತ್ರಿಕೆಯವಳು. "ಮುಖಪುಟಕ್ಕೆ. 'ಮನುಷ್ಯನ ಪಾಪ' ಅಂತ ಹಾಕ್ತೀವಿ."

ಅವನು ಸಣ್ಣದನ್ನು ದೊಡ್ಡದು ಮಾಡುವ ಲೆನ್ಸ್ ತಿರುಗಿಸಿ ಹಾಕಿದ. ಜಾಡಿಗೆ ಹತ್ತಿರ ಬಾಗಿ ಒಂದು ಚಿತ್ರ ತೆಗೆದ. ಕ್ಯಾಮೆರಾದ ತೆರೆಯ ಮೇಲೆ ಅದನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ.

ಹಿಂದೆ ಭಾವ ಹೊಸ ಗುಂಪೊಂದಕ್ಕೆ ತನ್ನ ಮಣಿಕಟ್ಟು ತೋರಿಸುತ್ತಿದ್ದ. "ಇಲ್ಲೇ ಹಿಡಿದದ್ದು. ಎಂಥ ಹಿಡಿತ ಅಂತೀರಿ!"

"ಭಾವ," ಎಂದ ಛಾಯಾಗ್ರಾಹಕ ಮೆಲ್ಲಗೆ, "ಪ್ಲಾಸ್ಟಿಕ್ ಮಣಿಗೆ ಕಣ್ಣಿರುತ್ತಾ?"

ಜಾಡಿಯಲ್ಲಿದ್ದದ್ದು ಮೂವತ್ತು ಎಳೆ, ಎಳೆಗೆ ಇನ್ನೂರರಂತೆ ಆಕ್ಟೋಪಸ್ಸಿನ ಆರು ಸಾವಿರ ಮೊಟ್ಟೆ.