ಇನ್ನೆರಡು ಪಳಂಪೊರಿ

ತಂದೆಯಂತೆ ಮಗಳು, ಬಾಳೆಹಣ್ಣಿನಂತೆ ಬಜ್ಜಿ. ಗಾದೆ ಕೆಟ್ಟಿರಬಹುದು, ಕಥೆ ಮಾತ್ರ ನಿಜ.

“ಏ ಇಕಿನ, ಇನ್ನೆರಡು ಪಳಂಪೊರಿ ತಗೊಂಬಾ! ಶುಗರ್ ಸೋಮವಾರ ನೋಡೋಣಂತ!”

ಶನಿವಾರ ಸಂಜೆ, ಕೇರಳದ ಆಲುವದ ಫ್ಲ್ಯಾಟಿನಲ್ಲಿ ತಮ್ಮದೇ ದನಿ ಕೇಳಿ ಬ್ಯಾಂಕಿನ ರುದ್ರಪ್ಪ ಬೆಚ್ಚಿಬಿದ್ದರು. ಬಾಳೆಹಣ್ಣಿನ ಬಜ್ಜಿ ಕರಿಯುತ್ತಿದ್ದ ಹೆಂಡತಿ ಸೌಟು ಹಿಡಿದೇ ಬಂದರು. “ನಾಚಿಕಿ ಐತೇನ್ರಿ ನಿಮಗ? ಡಾಕ್ಟರ್ ಏನಂದಾರ?”

“ನಾ ಬಾಯಿನ ತಗದಿಲ್ಲಲೇ!”

ಪರದೆಯ ಹಿಂದೆ ಜೀವಿತಾ ಕಿಸಕ್ಕೆಂದಳು. ಇಲ್ಲೇ ಹುಟ್ಟಿ ಬೆಳೆದ ಮಗಳು. ಅಪ್ಪ ಕನ್ನಡದಲ್ಲಿ ಎಷ್ಟು ಗೋಗರೆದರೂ ಮಲಯಾಳದಲ್ಲೇ ಉತ್ತರ. ತಮ್ಮ ಮಾತು ತಮ್ಮೊಂದಿಗೇ ಮುಗಿಯಿತೆಂದು ರುದ್ರಪ್ಪ ಕೊರಗುತ್ತಿದ್ದರು.

“ಇನ್ನೊಮ್ಮೆ ಅನ್ನವ್ವಾ,” ಎಂದು ಈಗ ಬೇಡಿಕೊಂಡರು.

ಜೀವಿತಾ ಅಪ್ಪನಂತೆಯೇ ಹೊಟ್ಟೆ ಮುಂದೆ ಮಾಡಿ, ಕೆಮ್ಮಿ, ದನಿ ದಪ್ಪ ಮಾಡಿಕೊಂಡಳು. “ಏ ಇಕಿನ, ಚಾ ಎಲ್ಲೈತಿ?”

ಎಲ್ಲರಿಗಿಂತ ಜೋರಾಗಿ ನಕ್ಕವರು ರುದ್ರಪ್ಪನವರೇ.